ರಾಣಿಗೆ ಗೋರಿ, ಕೂಲಿಗೆ ನಾಲ್ಕು ವರ್ಷ ಹತ್ತು ತಿಂಗಳು

ಬುಸಾನಿನ ಸಾಸಾಂಗ್‌ನಿಂದ ಗಿಮ್ಹೆಗೆ ಹೋಗುವ ಲಘು ರೈಲಿಗೆ ಚಾಲಕನಿಲ್ಲ. ಎರಡೇ ಬೋಗಿ. ಮುಂದಿನ ಗಾಜಿನ ಹತ್ತಿರ ನಿಂತರೆ ಹಳಿ ನೇರ ನಮ್ಮ ಕಾಲಬುಡಕ್ಕೇ ಓಡಿಬರುತ್ತದೆ. ಆ ಜಾಗಕ್ಕಾಗಿ ಶಾಲೆಯ ಮಕ್ಕಳ ಜೊತೆ ನಾನೂ ಪೈಪೋಟಿಗೆ ಬಿದ್ದೆ. ಬುಸಾನಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ನಾಚಿಕೊಂಡು ಹಿಂದೆ ಸರಿದಳು. ನಕ್ದೊಂಗ್ ನದಿ ದಾಟಿತು, ವಿಮಾನ ನಿಲ್ದಾಣ ದಾಟಿತು. ಗಿಮ್ಹೆ ಸಣ್ಣ ಕಾರ್ಖಾನೆಗಳ ಊರು. ಕಾರಿನ ಬಿಡಿಭಾಗ, ಹಡಗಿನ ಬಿಡಿಭಾಗ, ಎರಕ, ಲೇತು, ಪ್ರೆಸ್ಸು. ದೊಡ್ಡ ಕಂಪನಿಗಳ ಹೆಸರು ಹೊತ್ತ ಸರಕಿಗೆ ಬೇಕಾದ ಚೂರುಪಾರೆಲ್ಲ ಇಂಥ ತಗಡಿನ ಶೆಡ್ಡುಗಳಲ್ಲೇ ಹುಟ್ಟುವುದು.

ಅಕ್ಟೋಬರಿನ ಭಾನುವಾರ. ನಾವು ಹೊರಟಿದ್ದು ಒಬ್ಬ ರಾಣಿಯ ಗೋರಿ ನೋಡಲು. ಬೋಗಿಯಲ್ಲಿ ಅರ್ಧಕ್ಕರ್ಧ ಇದ್ದವರು ವಿಯೆಟ್ನಾಂ, ಇಂಡೊನೇಷ್ಯಾ, ನೇಪಾಳ, ಶ್ರೀಲಂಕಾದ ಹುಡುಗರು. ಇಸ್ತ್ರಿ ಮಾಡಿದ ಅಂಗಿ, ತಿದ್ದಿ ತೀಡಿದ ಕ್ರಾಪು, ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು. ಅವರಿಗೆ ರಾಣಿಯ ಗೊಡವೆ ಇರಲಿಲ್ಲ. ವಾರಕ್ಕೊಂದು ರಜೆ, ಪೇಟೆಗೆ ಹೊರಟಿದ್ದರು.

ರಾಣಿಯ ಕಥೆ ನಮ್ಮವರಿಗೂ ಈಚೆಗೆ ಗೊತ್ತಾಗಿದೆ. ಹದಿಮೂರನೆಯ ಶತಮಾನದಲ್ಲಿ ಇರ್ಯೊನ್ ಎಂಬ ಬೌದ್ಧ ಭಿಕ್ಷು ಬರೆದ ‘ಸಾಂಗುಕ್ ಯೂಸಾ’ದ ಪ್ರಕಾರ, ಕ್ರಿ.ಶ. 48ರಲ್ಲಿ ‘ಆಯುತ’ ಎಂಬ ದೂರದೇಶದ ಹದಿನಾರರ ರಾಜಕುಮಾರಿ ಕೆಂಪು ಪಟದ ಹಡಗಿನಲ್ಲಿ ಬಂದು ಗಾಯಾ ರಾಜ್ಯದ ದೊರೆ ಸೂರೋನನ್ನು ಮದುವೆಯಾದಳು. ಅವಳ ಹೆಸರು ಹೊ ಹ್ವಾಂಗ್‌ಓಕ್. ಹತ್ತು ಗಂಡುಮಕ್ಕಳು, ಇಬ್ಬರು ತಾಯಿಯ ಮನೆತನದ ಹೆಸರನ್ನೇ ಇಟ್ಟುಕೊಂಡರು ಎನ್ನುತ್ತದೆ ಐತಿಹ್ಯ. ಇಂದು ಕೊರಿಯಾದಲ್ಲಿ ಗಿಮ್ಹೆ ಮೂಲದ ಕಿಮ್ ಮನೆತನದವರೇ ನಲವತ್ತು ಲಕ್ಷಕ್ಕೂ ಹೆಚ್ಚು. ಕಿಮ್ ಮನೆತನದವರೂ ಹೊ ಮನೆತನದವರೂ ಒಂದೇ ತಾಯಿಯ ಸಂತಾನವೆಂದು ಪರಸ್ಪರ ಹೆಣ್ಣು ಕೊಟ್ಟು ತರುತ್ತಿರಲಿಲ್ಲ, ಸಗೋತ್ರದ ಲೆಕ್ಕ. ಆಯುತವೆಂದರೆ ಅಯೋಧ್ಯೆಯೇ ಎಂದು ನಂಬಿದವರು 2001ರಲ್ಲಿ ಸರಯೂ ದಂಡೆಯಲ್ಲಿ ಅವಳಿಗೊಂದು ಸ್ಮಾರಕ ಕಟ್ಟಿದರು. 2019ರಲ್ಲಿ ನಮ್ಮ ಅಂಚೆ ಇಲಾಖೆ ಚೀಟಿಯನ್ನೂ ತಂದಿತು. ಆ ಕಾಲಕ್ಕೆ ಅಯೋಧ್ಯೆಯ ಹೆಸರು ಸಾಕೇತ ಅಲ್ಲವೇ ಎಂದು ಕೇಳುವ ಇತಿಹಾಸಕಾರರಿದ್ದಾರೆ. ಎರಡು ಸರ್ಕಾರಗಳು ಒಪ್ಪಿಕೊಂಡ ಕಥೆಗೆ ಇತಿಹಾಸಕಾರರ ತಕರಾರು ಎಷ್ಟು ಹೊತ್ತು ನಿಂತೀತು!

ಗೋರಿಯೆಂದರೆ ಹುಲ್ಲು ಹೊದ್ದ ದೊಡ್ಡ ಮಣ್ಣಿನ ದಿಬ್ಬ. ಸುತ್ತ ಪೈನ್ ಮರಗಳು. ಪಕ್ಕದ ಚಿಕ್ಕ ಮಂಟಪದಲ್ಲಿ, ಅಲೆಗಳನ್ನು ತಣಿಸಲು ಅವಳು ಹಡಗಿನಲ್ಲಿ ತಂದಳೆನ್ನುವ ಪಾಸಾ ಕಲ್ಲುಗೋಪುರ. ಅಂಕುಡೊಂಕಾದ, ಕೆಂಪುಛಾಯೆಯ ಕಲ್ಲುಗಳು ಒಂದರ ಮೇಲೊಂದು. ಹಿರಿಯ ದಂಪತಿ ನಮ್ಮನ್ನು ಕಂಡು ಎಲ್ಲಿಯವರೆಂದು ಕೇಳಿದರು. ಭಾರತ ಎಂದಿದ್ದೇ ತಡ, ಅಜ್ಜ ಸೊಂಟ ಬಗ್ಗಿಸಿ ನಮಸ್ಕರಿಸಿ, ತಾನು ಗಿಮ್ಹೆ ಕಿಮ್, ನೀವು ನಮ್ಮ ಅಜ್ಜಿಯ ತವರಿನವರು ಎಂದ. ಅಜ್ಜಿ ಚೀಲದಿಂದ ಕಿತ್ತಳೆ ತೆಗೆದು ಕೊಟ್ಟಳು. ಆ ಮರ್ಯಾದೆಯಲ್ಲಿ ನಾಟಕವಿರಲಿಲ್ಲ.

ಅಲ್ಲಿಂದ ನಡೆದು ಬಂದರೆ ಸೂರೋ ರಾಜನ ಗೋರಿ, ಅದರಾಚೆಗೇ ದೊಂಗ್ಸಾಂಗ್ ಮಾರುಕಟ್ಟೆ. ವಾರದ ದಿನಗಳಲ್ಲಿ ಮುದುಕರು ಮೂಲಂಗಿ ಕೊಳ್ಳುವ ಸಾಧಾರಣ ಸಂತೆ. ಭಾನುವಾರ ಅದರ ರೂಪವೇ ಬೇರೆ. ಉಜ್ಬೇಕರ ತಂದೂರಿನಲ್ಲಿ ರೊಟ್ಟಿ, ವಿಯೆಟ್ನಾಮಿನ ಮೀನುಗೊಜ್ಜು, ನೇಪಾಳಿ ಹೋಟೆಲಿನ ಗಾಜಿನ ಮೇಲೆ ದೇವನಾಗರಿಯಲ್ಲಿ ‘ಥಕಾಲಿ ಖಾನಾ’, ಹಣ ಕಳಿಸುವ ಅಂಗಡಿಯ ಮುಂದೆ ಆರು ಭಾಷೆಗಳ ಬೋರ್ಡು. ಕಂತ್ರಿ ಇಂಗ್ಲಿಷ್, ಕಂತ್ರಿ ಕೊರಿಯನ್, ಕೈಸನ್ನೆ. ಯುವಜನ ಮಕ್ಕಳು ಮಾಡಿಕೊಳ್ಳದೆ, ಇದ್ದವರು ಸೋಲ್‌ಗೆ ಓಡಿ, ಇಂಥ ಹಳೆಯ ಪೇಟೆಗಳು ಕೊರಿಯಾದ ತುಂಬ ಬಾಗಿಲು ಹಾಕುತ್ತಿವೆ. 2023ರಲ್ಲಿ ಆ ದೇಶದ ಫಲವತ್ತತೆಯ ದರ 0.72ಕ್ಕೆ ಇಳಿದಿತ್ತು, ಅಂದರೆ ಹೆಣ್ಣೊಬ್ಬಳಿಗೆ ಸರಾಸರಿ ಒಂದು ಮಗುವೂ ಇಲ್ಲ. ದೊಂಗ್ಸಾಂಗ್ ಉಸಿರಾಡುತ್ತಿರುವುದು ಈ ಹುಡುಗರ ಭಾನುವಾರದ ಖರ್ಚಿನಿಂದ.

ಊಟಕ್ಕೆ ಕೂತ ಹೋಟೆಲಿನಲ್ಲಿ ಎದುರು ಮೇಜಿನ ಹುಡುಗ ನಮ್ಮ ಮಾತು ಕೇಳಿಸಿಕೊಂಡು ತಿರುಗಿದ. “ಪಾರ್ಸೆಲ್ಲಾ, ಇಲ್ಲೇ ತಿಂತೀರಾ?” ಎಂದ, ಅಚ್ಚ ಬೆಂಗಳೂರಿನ ಕನ್ನಡದಲ್ಲಿ! ತಂಗಿಯ ಮಗಳು ಚಮಚ ಕೆಳಗೆ ಬಿಟ್ಟಳು. ಚಿತವನದ ನೇಪಾಳಿ. ಮಾರತ್ತಹಳ್ಳಿಯ ಫಾಸ್ಟ್‌ಫುಡ್ ಅಂಗಡಿಯೊಂದರಲ್ಲಿ ಎಲೆಕೋಸು ಹೆಚ್ಚಿ, ಗೋಬಿ ಮಂಚೂರಿ ಹುರಿದು, ಅಂಗಡಿಯ ಅಟ್ಟದ ಮೇಲೇ ಮಲಗಿ, ಆಮೇಲೆ ಊರಿಗೆ ಹೋಗಿ ಕೊರಿಯನ್ ಪರೀಕ್ಷೆ ಕಟ್ಟಿದವನು. ಕನ್ನಡ ಅಲ್ಲಿಗೇ ಮುಗಿಯಿತು, ಮುಂದೆಲ್ಲ ಹಿಂದಿ.

“ಬೆಂಗಳೂರಲ್ಲಿ ನನ್ನ ಹೆಸರಲ್ಲಿ ಒಂದು ಕಾಗದ ಇರಲಿಲ್ಲ ದೀದಿ. ಇಲ್ಲಿ ಎಲ್ಲಾ ಇದೆ. ಕಾಂಟ್ರ್ಯಾಕ್ಟು, ಇನ್ಶೂರೆನ್ಸು, ಓವರ್‌ಟೈಮು.”

ಅವನು ಹೇಳಿದ್ದು ನಿಜ. ಈ ಮಾತನ್ನು ಮೊದಲು ಇಟ್ಟುಕೊಂಡೇ ಮುಂದಿನದನ್ನು ಬರೆಯಬೇಕು. ಕೊರಿಯಾದ ಕನಿಷ್ಠ ವೇತನ 2025ರಲ್ಲಿ ಗಂಟೆಗೆ 10,030 ವೊನ್, ನಮ್ಮ ಲೆಕ್ಕಕ್ಕೆ ಆರುನೂರು ರೂಪಾಯಿಯ ಆಚೀಚೆ. ಕಾನೂನಿನಲ್ಲಿ ಅದು ಕೊರಿಯನ್ನನಿಗೂ ನೇಪಾಳಿಗೂ ಒಂದೇ. ಮಾರತ್ತಹಳ್ಳಿಯ ಅಟ್ಟದಿಂದ ನೋಡಿದವನಿಗೆ ಇದು ಸ್ವರ್ಗ. ಬಿಹಾರದ, ಒಡಿಶಾದ, ನೇಪಾಳದ ಹುಡುಗರನ್ನು ಕಾಗದವಿಲ್ಲದೆ ದುಡಿಸಿಕೊಳ್ಳುವ ನಮ್ಮ ಊರಿನಿಂದ ಹೋದವಳು ಕೊರಿಯಾಕ್ಕೆ ಪಾಠ ಹೇಳುವಂತಿಲ್ಲ.

ಆದರೆ ಆ ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಬಹುದು. ಅವನದು ಇ-9 ವೀಸಾ. 2004ರ ಆಗಸ್ಟಿನಲ್ಲಿ ಜಾರಿಗೆ ಬಂದ ‘ಉದ್ಯೋಗ ಪರವಾನಗಿ’ ವ್ಯವಸ್ಥೆ. ಏಷ್ಯಾದ ಹದಿನಾರು ಹದಿನೇಳು ದೇಶಗಳೊಂದಿಗೆ ಒಪ್ಪಂದ, ಭಾರತ ಅದರಲ್ಲಿಲ್ಲ. ಪರವಾನಗಿ ಕಾರ್ಮಿಕನಿಗಲ್ಲ, ಅವನನ್ನು ಇಟ್ಟುಕೊಳ್ಳುವ ಯಜಮಾನನಿಗೆ. ಕೆಲಸ ಬದಲಿಸಬೇಕೆಂದರೆ ಸಾಮಾನ್ಯವಾಗಿ ಅದೇ ಯಜಮಾನನ ಒಪ್ಪಿಗೆ ಬೇಕು, ಮೊದಲ ಮೂರು ವರ್ಷದಲ್ಲಿ ಮೂರು ಸಲ ಮಾತ್ರ. ಸಂಬಳ ಕೊಡದಿದ್ದರೆ, ಹೊಡೆದರೆ ಒಪ್ಪಿಗೆಯಿಲ್ಲದೆಯೂ ಹೋಗಬಹುದು. ಆದರೆ ಹೊಡೆದದ್ದನ್ನು ಪರಭಾಷೆಯಲ್ಲಿ, ಪರದೇಶದಲ್ಲಿ, ಪೆಟ್ಟು ತಿಂದವನೇ ಸಾಬೀತು ಮಾಡಬೇಕು. ಬಿಟ್ಟ ಮೇಲೆ ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ವಿಮಾನ ಹತ್ತಬೇಕು. ಇದು ಸಂವಿಧಾನಕ್ಕೆ ವಿರುದ್ಧವೆಂದು ಕಾರ್ಮಿಕರು ಕೋರ್ಟಿಗೆ ಹೋದರು. 2021ರ ಡಿಸೆಂಬರಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಬಹುಮತದಿಂದ ವ್ಯವಸ್ಥೆಯನ್ನೇ ಎತ್ತಿಹಿಡಿಯಿತು.

ಅವಧಿಯಲ್ಲೂ ಒಂದು ಜಾಣತನವಿದೆ. ಮೊದಲು ಮೂರು ವರ್ಷ, ಯಜಮಾನ ಕೇಳಿದರೆ ಇನ್ನೊಂದು ವರ್ಷ ಹತ್ತು ತಿಂಗಳು. ಒಟ್ಟು ನಾಲ್ಕು ವರ್ಷ ಹತ್ತು ತಿಂಗಳು. ಐದು ಯಾಕಲ್ಲ? ಐದು ವರ್ಷ ಒಂದೇ ಸಮನೆ ನೆಲೆಸಿದವರು ಪೌರತ್ವ ಕೇಳಬಹುದೆಂದು ಅಲ್ಲಿನ ಕಾನೂನು ಹೇಳುತ್ತದೆ. ಆ ಎರಡು ತಿಂಗಳನ್ನು ಯಾರೋ ಕೂತು ಕತ್ತರಿಸಿದ್ದಾರೆ. ಒಳ್ಳೆಯ ಕೆಲಸಗಾರನೆಂದು ಯಜಮಾನ ಮತ್ತೆ ಕರೆಸಿಕೊಳ್ಳಬಹುದು, ಆದರೆ ಒಂದು ತಿಂಗಳಾದರೂ ದೇಶ ಬಿಟ್ಟು ಹೋಗಿ ಬರಬೇಕು, ಎಣಿಕೆ ಮತ್ತೆ ಸೊನ್ನೆಯಿಂದ. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಚಿತವನದ ಹುಡುಗನಿಗೆ ಮೂರು ವರ್ಷದ ಮಗಳಿದ್ದಾಳೆ. ಹುಟ್ಟಿದಾಗ ನೋಡಿದ್ದು, ಈಗ ಫೋನಿನಲ್ಲಿ.

“ಕೆಲಸ ಕಷ್ಟ ಅಲ್ಲ. ಪ್ರೆಸ್ ಮೆಷಿನ್, ಹುಷಾರಾಗಿರಬೇಕು ಅಷ್ಟೆ. ‘ಯಾ’, ‘ಯಾ’ ಅಂತ ಕರೀತಾರಲ್ಲ, ಅದು,” ಎಂದು ಅವನು ನಿಲ್ಲಿಸಿದ.

“ಎಲೇ ಅಂದ ಹಾಗೆ ದೊಡ್ಡಮ್ಮ,” ಎಂದಳು ತಂಗಿಯ ಮಗಳು. ವಯಸ್ಸಿಗೆ, ಹುದ್ದೆಗೆ ತಕ್ಕಂತೆ ಕ್ರಿಯಾಪದದ ಬಾಲವನ್ನೇ ಬದಲಿಸುವ ಜನ ಅವರು. ಇಪ್ಪತ್ತರ ಕೊರಿಯನ್ ಹುಡುಗ ನಲವತ್ತರ ಶ್ರೀಲಂಕನ್ನನನ್ನು ಏಕವಚನದಲ್ಲಿ ಕೂಗುತ್ತಾನೆ. ಯಜಮಾನನಿಗೆ ಮಾತ್ರ ‘ಸಾಜಾಂಗ್‌ನಿಮ್’, ಯಜಮಾನರೇ ಎಂದ ಹಾಗೆ. ‘ಸ್ಕ್ವಿಡ್ ಗೇಮ್’ ನೋಡಿದವರಿಗೆ ಅದರ ಅಲಿ ನೆನಪಿರಬಹುದು, ಎರಡು ಕೈ ಜೋಡಿಸಿಕೊಂಡು ಸಿಕ್ಕಸಿಕ್ಕವರಿಗೆಲ್ಲ ಹಾಗೆಯೇ ಕರೆಯುವ ಪಾಕಿಸ್ತಾನಿ ಕೂಲಿಯವನು. ಆ ಪಾತ್ರ ಮಾಡಿದ್ದು ದೆಹಲಿಯ ಅನುಪಮ್ ತ್ರಿಪಾಠಿ.

ನಾನು ಅಲ್ಲಿಗೆ ಹೋದ ವರ್ಷವೇ ಆ ದೇಶ ಎರಡು ದೃಶ್ಯಗಳನ್ನು ನೋಡಿತ್ತು. ಜುಲೈ 2025ರಲ್ಲಿ ನಾಜು ಎಂಬ ಊರಿನ ಇಟ್ಟಿಗೆ ಕಾರ್ಖಾನೆಯೊಂದರ ವಿಡಿಯೊ ಹೊರಬಿತ್ತು: ಶ್ರೀಲಂಕಾದ ಕಾರ್ಮಿಕನನ್ನು ಇಟ್ಟಿಗೆಯ ಸಮೇತ ಪ್ಲಾಸ್ಟಿಕ್ ಸುತ್ತಿ ಕಟ್ಟಿ, ಫೋರ್ಕ್‌ಲಿಫ್ಟ್‌ನಲ್ಲಿ ಎತ್ತಿ ಆಡಿಸುತ್ತಿದ್ದಾರೆ, ಸುತ್ತಲಿನವರು ನಗುತ್ತಿದ್ದಾರೆ. ರಾಷ್ಟ್ರಾಧ್ಯಕ್ಷ ಲೀ ಜೇ-ಮ್ಯುಂಗ್ ಅವರೇ ಖಂಡಿಸಿದರು. ಎರಡೇ ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಅಮೆರಿಕದ ಜಾರ್ಜಿಯಾದಲ್ಲಿ ಕೊರಿಯನ್ ಕಂಪನಿಗಳ ಬ್ಯಾಟರಿ ಕಾರ್ಖಾನೆಯ ಮೇಲೆ ವಲಸೆ ಅಧಿಕಾರಿಗಳು ದಾಳಿ ಮಾಡಿ ಮುನ್ನೂರಕ್ಕೂ ಹೆಚ್ಚು ಕೊರಿಯನ್ನರನ್ನು ಹಿಡಿದರು. ಸೊಂಟಕ್ಕೆ, ಕಾಲಿಗೆ ಸರಪಳಿ ಹಾಕಿದ ಇಂಜಿನಿಯರುಗಳ ಚಿತ್ರ ಕಂಡು ಇಡೀ ದೇಶ ಕುದಿಯಿತು. ಕುದಿಯಬೇಕಾದದ್ದೇ. ಸರಪಳಿಯ ವಿಷಯ ಬಂದರೆ ನೇಪಾಳಿಗಳಿಗೆ ನೆನಪಾಗುವುದು ಬೇರೆ. 1995ರ ಜನವರಿಯ ಚಳಿಯಲ್ಲಿ ಹದಿಮೂರು ಮಂದಿ ನೇಪಾಳಿಗಳು ತಾವೇ ಮೈಗೆ ಸರಪಳಿ ಸುತ್ತಿಕೊಂಡು ಸೋಲ್‌ನ ಮ್ಯೊಂಗ್‌ದೊಂಗ್ ಕೆಥೆಡ್ರಲ್ ಮುಂದೆ ಕೂತಿದ್ದರು; ಹೊಡೆಯಬೇಡಿ, ನಾವೂ ಮನುಷ್ಯರೇ ಎಂಬುದು ಅವರ ಬೇಡಿಕೆ. ಆಗ ಅವರನ್ನು ಕಾರ್ಮಿಕರೆಂದೂ ಕರೆಯುತ್ತಿರಲಿಲ್ಲ, ‘ತರಬೇತಿಗೆ ಬಂದವರು’ ಎನ್ನುತ್ತಿದ್ದರು. ಕೂಲಿ ಕಡಿಮೆ, ಪಾಸ್‌ಪೋರ್ಟು ಯಜಮಾನನ ಪೆಟ್ಟಿಗೆಯಲ್ಲಿ. ಅಂಥ ಪ್ರತಿಭಟನೆಗಳ ಬಿಸಿಯಿಂದಲೇ ಇಂದಿನ ಪರವಾನಗಿ ವ್ಯವಸ್ಥೆ ಹುಟ್ಟಿದ್ದು.

ಚಂದ್ರಾ ಎಂಬ ನೇಪಾಳಿ ಹೆಣ್ಣುಮಗಳ ಕಥೆಯನ್ನು ಆ ಹೋಟೆಲಿನಲ್ಲಿ ಯಾರೂ ಎತ್ತಲಿಲ್ಲ, ನನಗೇ ನೆನಪಾಯಿತು. 1993ರಲ್ಲಿ ಸೋಲ್‌ನ ಒಂದು ಅಂಗಡಿಯಲ್ಲಿ ರಾಮ್ಯೊನ್ ನೂಡಲ್ಸ್ ತಿಂದು ನೋಡಿಕೊಂಡರೆ ಕೈಯಲ್ಲಿ ದುಡ್ಡಿಲ್ಲ. ಪೊಲೀಸರು ಬಂದರು. ಮುಖ ನೋಡಿದರೆ ಕೊರಿಯನ್ನಳಂತೆ, ಮಾತು ನೋಡಿದರೆ ಅರ್ಥವಿಲ್ಲದ್ದು. ಬುದ್ಧಿ ಕೆಟ್ಟವಳೆಂದು ತೀರ್ಮಾನಿಸಿ ಆಸ್ಪತ್ರೆಗೆ ಸೇರಿಸಿದರು. ತಾನು ನೇಪಾಳದವಳೆಂದು ಅವಳು ಹೇಳುತ್ತಲೇ ಇದ್ದಳು, ಅದನ್ನೂ ರೋಗದ ಲಕ್ಷಣವೆಂದುಕೊಂಡರು. ಆರು ವರ್ಷಕ್ಕೂ ಮೇಲ್ಪಟ್ಟು ಕೂಡಿಹಾಕಿದರು. ನಿರ್ದೇಶಕ ಪಾರ್ಕ್ ಚಾನ್-ವುಕ್ ಇದನ್ನು 2003ರಲ್ಲಿ ಕಿರುಚಿತ್ರ ಮಾಡಿದ್ದಾನೆ. ನೇಪಾಳಿ ಬಲ್ಲ ಒಬ್ಬನನ್ನು ಕರೆಸಲು ಆರು ವರ್ಷ ಹಿಡಿಯಿತು ಎಂಬುದನ್ನು ಕ್ರೌರ್ಯವೆನ್ನಲೂ ಮನಸ್ಸು ಬರುವುದಿಲ್ಲ. ಬರೀ ಅಸಡ್ಡೆ. ಅದೇ ಹೆಚ್ಚು ಹೆದರಿಸುವಂಥದು.

ಮರುದಿನ ಉತ್ತರಕ್ಕೆ, ಮಿರ್ಯಾಂಗ್ ಕಡೆ ಹೋದೆವು. ಕೊರಿಯನ್ನರು ಮಾಂಸದ ತುಂಡನ್ನು ಸುತ್ತಿ ತಿನ್ನುವ ಪೆರಿಲ್ಲಾ ಎಲೆಯ ಬೆಳೆಗೆ ಹೆಸರಾದ ಜಾಗ. ರಸ್ತೆಯ ಎರಡೂ ಕಡೆ ಸಾಲುಸಾಲು ಪಾಲಿಹೌಸ್. ನಡುವೆ ಕೆಲವಕ್ಕೆ ಮಾತ್ರ ಕಪ್ಪು ಶೇಡ್‌ನೆಟ್ ಹೊದಿಸಿದ್ದಾರೆ. ಕತ್ತಲಲ್ಲಿ ಏನು ಬೆಳೆಯುತ್ತಾರೆ, ಅಣಬೆಯೇ ಎಂದು ಕೇಳಿದೆ. ತಂಗಿಯ ಮಗಳು ಉತ್ತರಿಸಲಿಲ್ಲ. ಬಾಗಿಲ ಬಳಿ ಹೆಂಗಸರ ಚಪ್ಪಲಿಗಳಿದ್ದವು, ತಂತಿಯ ಮೇಲೆ ಒಗೆದ ಬಟ್ಟೆ. ಅಲ್ಲಿ ಏನನ್ನೂ ಬೆಳೆಯುತ್ತಿರಲಿಲ್ಲ. ಎಲೆ ಕೀಳುವ ಕಾಂಬೋಡಿಯಾದ ಹೆಣ್ಣುಮಕ್ಕಳು ವಾಸವಿದ್ದರು. ಪಾಲಿಹೌಸಿನೊಳಗೆ ತೆಳು ಹಲಗೆಯ ಡಬ್ಬಿ, ಅದಕ್ಕೆ ಬಾಡಿಗೆ, ಅದು ಸಂಬಳದಲ್ಲೇ ಕಡಿತ. ದಿನಕ್ಕೆ ಇಷ್ಟು ಎಲೆ ಎಂಬ ಲೆಕ್ಕ. ಕೊರಿಯಾದ ಕಾರ್ಮಿಕ ಮಾನದಂಡ ಕಾಯಿದೆಯ 63ನೇ ಕಲಮು ಕೃಷಿ, ಪಶುಸಂಗೋಪನೆ, ಮೀನುಗಾರಿಕೆಯ ಕೆಲಸಗಾರರನ್ನು ದುಡಿಮೆಯ ಗಂಟೆ, ವಿರಾಮ, ವಾರದ ರಜೆಯ ನಿಯಮಗಳಿಂದ ಹೊರಗಿಟ್ಟಿದೆ. ಹೊಲಕ್ಕೆ ಗಡಿಯಾರವಿಲ್ಲ ಎಂಬ ಹಳೆಯ ಒಕ್ಕಲುತನದ ತರ್ಕ. ಹೊಲ ತನ್ನದಾದವನಿಗೆ ಆ ತರ್ಕ ಸರಿ.

2020ರ ಡಿಸೆಂಬರಿನಲ್ಲಿ ಸೋಲ್‌ನ ಉತ್ತರಕ್ಕಿರುವ ಪೊಚೊನ್‌ನಲ್ಲಿ ಇಂಥದೇ ಡಬ್ಬಿಯೊಳಗೆ ಕಾಂಬೋಡಿಯಾದ ಯುವತಿಯೊಬ್ಬಳು ಸತ್ತಿದ್ದಳು. ಹೊರಗೆ ಮೈನಸ್ ಹದಿನೆಂಟರ ಹತ್ತಿರದ ಚಳಿ, ಒಳಗೆ ಹೀಟರ್ ಕೈಕೊಟ್ಟಿತ್ತು. ಕೆಲವೇ ವಾರಗಳಲ್ಲಿ ಊರಿಗೆ ಹೊರಡುವವಳಿದ್ದಳು. ಲಿವರ್ ಸಿರೋಸಿಸ್ ಎಂದಿತು ಮರಣೋತ್ತರ ವರದಿ; ಚಿಕಿತ್ಸೆ ಕಾಣದ ರೋಗಕ್ಕೂ ಆ ಡಬ್ಬಿಗೂ ಸಂಬಂಧವಿದೆಯೆಂದು 2022ರಲ್ಲಿ ಅದನ್ನು ಕೆಲಸದ ಸಾವೆಂದು ಒಪ್ಪಿಕೊಳ್ಳಲಾಯಿತು. ಪಾಲಿಹೌಸಿನಲ್ಲಿ ಮಲಗಿಸುವವರಿಗೆ ಹೊಸ ಪರವಾನಗಿ ಕೊಡುವುದಿಲ್ಲ ಎಂದು ಸರ್ಕಾರ ಆ ಸಾವಿನ ಬೆನ್ನಿಗೇ ಘೋಷಿಸಿತ್ತು. ನಾನು ಚಪ್ಪಲಿಗಳನ್ನು ಕಂಡದ್ದು ಅದಾಗಿ ನಾಲ್ಕು ವರ್ಷ ಕಳೆದ ಮೇಲೆ. 2024ರ ಜೂನ್ 24ರಂದು ಹ್ವಾಸೊಂಗ್‌ನ ಲಿಥಿಯಂ ಬ್ಯಾಟರಿ ಕಾರ್ಖಾನೆಗೆ ಬೆಂಕಿ ಬಿದ್ದು 23 ಮಂದಿ ಸತ್ತರಲ್ಲ, ಅವರಲ್ಲಿ 18 ಮಂದಿ ವಿದೇಶೀಯರು. ಹೆಚ್ಚಿನವರು ಚೀನಾದಿಂದ ಬಂದ ಕೊರಿಯನ್ ಮೂಲದವರೇ. ಏಜೆನ್ಸಿಯ ಮೂಲಕ ಬಂದ ದಿನಗೂಲಿಗಳು. ಬೆಂಕಿ ಬಿದ್ದಾಗ ಹೊರದಾರಿ ಯಾವ ಕಡೆ ಎಂದು ಅವರಿಗೆ ಗೊತ್ತಿರಲಿಲ್ಲ. ರಕ್ತ ಒಂದೇ, ಭಾಷೆ ಒಂದೇ ಆದರೂ ಕೆಲಸದ ಏಣಿಯಲ್ಲಿ ಅವರ ಮೆಟ್ಟಿಲು ಕೆಳಗಿನದೇ. ಹಾಗಾಗಿ ಇದೆಲ್ಲ ಬರೀ ಮೈಬಣ್ಣದ ಪ್ರಶ್ನೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

ಗಿಮ್ಹೆಯ ಮೀನುಗೊಜ್ಜಿನ ಅಂಗಡಿಯ ಒಡತಿ ವಿಯೆಟ್ನಾಮಿನವಳು. ಇಪ್ಪತ್ತಕ್ಕೆ ಬಂದವಳು, ಗಂಡ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು, ಹಳ್ಳಿಯ ರೈತ. ಬ್ರೋಕರ್ ತಂದ ಸಂಬಂಧ. 2005ರ ಸುಮಾರಿಗೆ ಕೊರಿಯಾದ ಪ್ರತಿ ನೂರು ಮದುವೆಗಳಲ್ಲಿ ಹದಿಮೂರಕ್ಕೂ ಹೆಚ್ಚು ಪರದೇಶದವರೊಂದಿಗೆ ಆದವು; ಹಳ್ಳಿಯ ರಸ್ತೆಗಳಲ್ಲಿ ವಿಯೆಟ್ನಾಮಿನ ಹುಡುಗಿಯನ್ನು ಮದುವೆಯಾಗಿ ಎಂಬ ಬ್ಯಾನರುಗಳು ತೂಗುತ್ತಿದ್ದವು. ಓಡಿಹೋಗುವುದಿಲ್ಲ ಎಂಬ ಗ್ಯಾರಂಟಿಯೂ ಕೆಲವದರಲ್ಲಿ ಇರುತ್ತಿತ್ತು. 2010ರ ಜುಲೈನಲ್ಲಿ ಇಲ್ಲೇ ಪಕ್ಕದ ಬುಸಾನಿನಲ್ಲಿ, ಬಂದು ಎಂಟೇ ದಿನವಾಗಿದ್ದ ಇಪ್ಪತ್ತರ ವಿಯೆಟ್ನಾಮಿ ವಧುವನ್ನು ಮಾನಸಿಕ ಕಾಯಿಲೆಯಿದ್ದ ಗಂಡ ಕೊಂದ. ಅವನ ಕಾಯಿಲೆಯ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಗಂಡಿನ ಆರೋಗ್ಯ, ಅಪರಾಧದ ದಾಖಲೆಯನ್ನು ಹೆಣ್ಣಿಗೆ ತಿಳಿಸಬೇಕೆಂಬ ನಿಯಮ ಬಿಗಿಯಾಯಿತು.

“ನನ್ನ ಅತ್ತೆ ಒಳ್ಳೆಯವರು,” ಎಂದಳು ಒಡತಿ, ಬಾಟಲಿ ಒರೆಸುತ್ತ. ಸ್ವಲ್ಪ ತಡೆದು, “ಮಗ ಹುಟ್ಟಿದ ಮೇಲೆ.”

ಇವಳಿಗೆ ಸಿಕ್ಕದ್ದು ಚಿತವನದವನಿಗೆ ಸಿಗುವುದಿಲ್ಲ: ಉಳಿಯುವ ಹಕ್ಕು, ಭಾಷೆ ಕಲಿಸುವ ಕೇಂದ್ರ, 2008ರಿಂದ ‘ಬಹುಸಂಸ್ಕೃತಿ ಕುಟುಂಬ’ಗಳಿಗೇ ಮೀಸಲಾದ ಕಾನೂನು. ಕುಟುಂಬ ಎಂಬ ಮಾತು ಆ ಕಾನೂನಿನ ಹೆಸರಿನಲ್ಲೇ ಇದೆ. ಕೊರಿಯನ್ ಮಗುವಿನ ತಾಯಿಯಾಗಿ, ಕೊರಿಯನ್ ಮನೆಯ ಸೊಸೆಯಾಗಿ ಅವಳು ಸ್ವೀಕೃತಳು. ಮದುವೆ ಮುರಿದರೆ ಅವಳು ಇಲ್ಲಿ ಉಳಿಯಬೇಕಾದರೆ ಮಗು ಅವಳ ಬಳಿ ಬೆಳೆಯುತ್ತಿರಬೇಕು, ಇಲ್ಲವೇ ತಪ್ಪು ಗಂಡನದೆಂದು ರುಜುವಾಗಬೇಕು. ಎರಡು ಬಾಗಿಲು ತೆರೆದಿಟ್ಟಿದ್ದಾರೆ: ಒಂದು ಒಡಲಿಗೆ, ಒಂದು ಕೈಗಳಿಗೆ. ಇವೆರಡೂ ಅಲ್ಲದೆ ಸುಮ್ಮನೆ ಪಕ್ಕದ ಮನೆಯವನಾಗಿ ಬಂದು ಇದ್ದುಬಿಡುವವನಿಗೆ ಯಾವ ಬಾಗಿಲು? ಹೊ ಹ್ವಾಂಗ್‌ಓಕ್‌ಳ ಗೋರಿಗೆ ಸಿಗುವ ಗೌರವಕ್ಕೂ ನನಗೆ ಅಲ್ಲೇ ಅರ್ಥ ಕಂಡಿತು. ಅವಳು ಹತ್ತು ಮಕ್ಕಳ ತಾಯಿ. ವಂಶದ ಪಟ್ಟಿಯಲ್ಲಿ ಅವಳಿಗೆ ಜಾಗವಿದೆ.

ಬದಲಾಗುತ್ತಿಲ್ಲವೆಂದಲ್ಲ. ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿ ಮದುವೆಯಾಗಿ ಬಂದ ಜಾಸ್ಮಿನ್ ಲೀ 2012ರಲ್ಲಿ ಸಂಸತ್ತಿಗೆ ಹೋದರು, ಹೇರಳ ಬೈಗುಳವನ್ನೂ ತಿಂದರು. ವಲಸಿಗರ ಕಾರ್ಮಿಕ ಸಂಘ 2005ರಲ್ಲಿ ಹುಟ್ಟಿ, ನಾಯಕರು ಗಡೀಪಾರಾಗಿ, ಹತ್ತು ವರ್ಷದ ಮೇಲೆ, 2015ರ ಜೂನಿನಲ್ಲಿ ಸುಪ್ರೀಂ ಕೋರ್ಟಿನಿಂದ ಮಾನ್ಯತೆ ಪಡೆಯಿತು. ದಾಖಲೆಯಿಲ್ಲದ ಕಾರ್ಮಿಕನಿಗೂ ಸಂಘ ಕಟ್ಟುವ ಹಕ್ಕಿದೆ ಎಂಬ ಆ ತೀರ್ಪು ನಮ್ಮವರೂ ಓದಬೇಕಾದದ್ದು.

ಸಾಸಾಂಗ್‌ನಿಂದಲೇ ನಾಮ್ಹೆ ದ್ವೀಪಕ್ಕೆ ಬಸ್ಸಿದೆ, ಅದನ್ನೂ ಹತ್ತಿದೆವು. ಸಮುದ್ರ ನೋಡುವ ಗುಡ್ಡದ ಮೇಲೆ ಕೆಂಪು ಹೆಂಚಿನ, ಬಿಳಿ ಗೋಡೆಯ ‘ಜರ್ಮನ್ ಗ್ರಾಮ’. ಸಾಸೇಜು, ಬಿಯರು, ಸೆಲ್ಫಿಗೆ ಸಾಲು. ಥೀಮ್ ಪಾರ್ಕೇನೋ ಅನ್ನಿಸುತ್ತದೆ, ಆದರೆ ಕೆಲವು ಮನೆಗಳ ಒಡೆಯರು ನಿಜಕ್ಕೂ ಜರ್ಮನಿಯಲ್ಲಿ ಮುದುಕರಾದವರು. 1963ರಿಂದ 1977ರವರೆಗೆ ಸುಮಾರು ಎಂಟು ಸಾವಿರ ಕೊರಿಯನ್ ಗಂಡಸರು ಪಶ್ಚಿಮ ಜರ್ಮನಿಯ ಕಲ್ಲಿದ್ದಲ ಗಣಿಗೆ ಇಳಿದರು. ಹತ್ತು ಸಾವಿರಕ್ಕೂ ಹೆಚ್ಚು ದಾದಿಯರು ಅಲ್ಲಿನ ಆಸ್ಪತ್ರೆಗಳಿಗೆ ಹೋದರು. ಮೂರು ವರ್ಷದ ಕರಾರು. ಅವರು ಕಳಿಸಿದ ಹಣದಲ್ಲಿ ತಮ್ಮಂದಿರು ಓದಿದರು, ದೇಶ ಎದ್ದು ನಿಂತಿತು ಎಂದು ಕೊರಿಯಾ ಅವರನ್ನು ಕೊಂಡಾಡುತ್ತದೆ. ಅಲ್ಲಿನ ಪ್ರದರ್ಶನ ಶಾಲೆಯಲ್ಲಿ ಗಣಿಯ ಕತ್ತಲು ಕಾಣಿಸುವ ಸುರಂಗವನ್ನೇ ಮಾಡಿಟ್ಟಿದ್ದಾರೆ. ಟಿಕೆಟ್ ಹರಿಯುತ್ತಿದ್ದ ಹುಡುಗಿ ನಮಗೆ ಇಂಗ್ಲಿಷಿನಲ್ಲಿ, ಬಹುವಚನದಲ್ಲೇ ಅನ್ನಿಸುವಷ್ಟು ಮೃದುವಾಗಿ, ಎಲ್ಲ ವಿವರಿಸಿದಳು.

ಆ ದಾದಿಯರ ಕಥೆಯಲ್ಲಿ ಕೊಂಡಾಡುವ ಭಾಷಣಗಳು ಬೇಗ ದಾಟಿಬಿಡುವ ಒಂದು ಅಧ್ಯಾಯವಿದೆ. ಎಪ್ಪತ್ತರ ದಶಕದ ನಡುವೆ ತೈಲದ ಬಿಕ್ಕಟ್ಟು ಬಂದು ಜರ್ಮನಿಗೆ ಅವರು ಬೇಡವಾದರು. ಕರಾರು ಮುಗಿಯಿತು, ಹೊರಡಿ ಎಂದರು. ಅವರು ಹೊರಡಲಿಲ್ಲ. 1977ರಲ್ಲಿ ಬೀದಿಗಳಲ್ಲಿ, ಚರ್ಚುಗಳ ಮುಂದೆ ನಿಂತು ಸಹಿ ಸಂಗ್ರಹಿಸಿದರು: ನಿಮಗೆ ಬೇಕಿತ್ತೆಂದು ಬಂದೆವು, ನಾವು ಸರಕಲ್ಲ, ಹೋಗುವುದಾದರೆ ನಾವು ಬಯಸಿದಾಗ ಹೋಗುತ್ತೇವೆ ಎಂಬುದು ಅವರ ವಾದ. ಜರ್ಮನಿ ಒಪ್ಪಬೇಕಾಯಿತು, ಐದು ವರ್ಷ ದುಡಿದವರಿಗೆ ನೆಲೆಸುವ ಹಕ್ಕು ಕೊಟ್ಟಿತು.

ಚಿತವನದ ಹುಡುಗ ಈಗ ‘ಪಾಯಿಂಟು’ ಕೂಡಿಸುತ್ತಿದ್ದಾನೆ. ನುರಿತ ಕೆಲಸಗಾರರಿಗೆ ಇ-7-4 ಎಂಬ ವೀಸಾ ಇದೆ, ಅದು ಸಿಕ್ಕರೆ ಹೆಂಡತಿ ಮಗಳನ್ನು ಕರೆತರಬಹುದು. ಸಂಬಳಕ್ಕೆ ಇಷ್ಟು, ವಯಸ್ಸಿಗೆ ಇಷ್ಟು, ಕೊರಿಯನ್ ಪರೀಕ್ಷೆಗೆ ಇಷ್ಟು ಅಂಕ. ಜೊತೆಗೆ ಕಂಪನಿಯ ಶಿಫಾರಸು ಪತ್ರ. ಮೊನ್ನೆ ಮೆಸೇಜು ಮಾಡಿದ್ದ. ಪರೀಕ್ಷೆ ಪಾಸಾಗಿದೆ. ಪತ್ರ ಬರೆದುಕೊಡುತ್ತೇನೆ ಎಂದು ಸಾಜಾಂಗ್‌ನಿಮ್ ಹೇಳಿದ್ದಾರಂತೆ, ಈ ಸೀಸನ್ನಿನ ಆರ್ಡರುಗಳು ಮುಗಿಯಲಿ ಅಂತ.